ಕೈಯಾಡಿಸುವುದು

ಮಳೆಗಾಲಕ್ಕೆ ಮುಂಚೆ ಹಂಚಿನ ಮಾಡಿಗೆ ‘ಕೈಯಾಡಿಸುವುದು’ ಎಂಬ ಕೆಲಸವೊಂದು ನಮ್ಮ ಕಡೆ ಇದೆ. ಸೋರುವ ಜಾಗ ಹುಡುಕಿ ಅಷ್ಟನ್ನೇ ಮುಚ್ಚಿದರೆ ಅದು ರಿಪೇರಿ. ಕೈಯಾಡಿಸುವುದೆಂದರೆ ಸಾಲು ಸಾಲಾಗಿ ಹಂಚು ಇಳಿಸಬೇಕು, ಪಾಚಿ ಉಜ್ಜಬೇಕು, ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳಿ ಒಡಕು ಇದೆಯೇ ನೋಡಬೇಕು, ಕುಂಬು ಹಿಡಿದ ರೀಪು ಬದಲಾಯಿಸಬೇಕು. ಆಮೇಲೆ ಅದೇ ಹಂಚುಗಳನ್ನು ಅದೇ ಮಾಡಿಗೆ ಮತ್ತೆ ಏರಿಸಬೇಕು. ಮುಗಿದ ಮೇಲೆ ದಾರಿಯಲ್ಲಿ ಹೋಗುವವರಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಸಂಬಳ ಕೊಟ್ಟವನಿಗೂ ಅಷ್ಟೆ.

ಈ ಸಲ ಏಪ್ರಿಲ್‌ನಲ್ಲಿ ಅದಕ್ಕೆಂದೇ ರಜೆ ಹಾಕಿ ಪುತ್ತೂರಿನ ಬಳಿಯ ನಮ್ಮ ಮನೆಗೆ ಹೋಗಿದ್ದೆ. ಅಲ್ಲಿ ಈಗ ಅಮ್ಮ ಒಬ್ಬಳೇ. ಮಾಡು ಹತ್ತುವ ಜನ ಸಿಗುವುದೇ ಕಷ್ಟ. ಸಿಕ್ಕಿದವರು ಶೀಟು ಹಾಕಿಸಿ ಎನ್ನುತ್ತಾರೆ. ಕೊನೆಗೆ ಬಂದವರು ಅರವತ್ತು ದಾಟಿದ ಒಬ್ಬರು, ಚಿಕ್ಕಂದಿನಲ್ಲಿ ತಮ್ಮ ತಂದೆಯ ಜೊತೆ ಇದೇ ಮಾಡು ಹತ್ತಿದವರು. ಕೆಳಗೆ ನಿಂತು ಹಂಚು ಎತ್ತಿಕೊಡುವ ಕೆಲಸ ನನ್ನದು. ಇಳಿಸಿದ ರಾಶಿಯಲ್ಲಿ ಬಾಸೆಲ್ ಮಿಷನ್ ಎಂದೂ 1865 ಎಂದೂ ಅಚ್ಚೊತ್ತಿದ ಕೆಲವು ಇದ್ದವು. ಅದು ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನವರು ಕಾರ್ಖಾನೆ ತೆರೆದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಚಿಕ್ಕಂದಿನಲ್ಲಿ ನಮ್ಮ ಮಾಡಿಗೆ ನೂರಿಪ್ಪತ್ತು ವರ್ಷ ಎಂದು ಶಾಲೆಯಲ್ಲಿ ಜಂಬ ಕೊಚ್ಚಿದ್ದೆ.

ಒಡೆದವುಗಳ ಬದಲಿಗೆ ತರಿಸಿದ ಹೊಸ ಹಂಚನ್ನು ಅವರು ಹಳೆಯದರ ಪಕ್ಕ ಇಟ್ಟು ನೋಡಿದರು. “ಇದು ಕೂರುವುದಿಲ್ಲ ಮಾರಾಯ್ರೆ, ಇದರ ಗೀರೇ ಬೇರೆ” ಎಂದರು. ಆದರೂ ಬಿಡಲಿಲ್ಲ. ಎರಡೂ ಅಂಗೈಗಳನ್ನು ಹಂಚಿನ ಮೇಲೆ ಇಟ್ಟು ಮೊದಲು ಸ್ವಲ್ಪ ಹಿಂದಕ್ಕೆ ಎಳೆದರು, ಆಮೇಲೆ ಮುಂದಕ್ಕೆ ದೂಡಿದರು. ಕಣ್ಣು ಮುಚ್ಚಿತ್ತು. ಟಕ್ ಎಂದಿತು. ಕಣ್ಣು ತೆರೆದರು.

ಏಣಿಯ ಬುಡದಲ್ಲಿ ನಿಂತಿದ್ದ ನನಗೆ ಒಂದು ಕ್ಷಣ ಎಲ್ಲಿದ್ದೇನೆಂದು ತಿಳಿಯಲಿಲ್ಲ. ಹಾಗೆ ಕಣ್ಣು ಮುಚ್ಚಿ ಹಂಚು ಕೂರಿಸುತ್ತಿದ್ದ ಇನ್ನೊಬ್ಬ ಮನುಷ್ಯನ ಪಕ್ಕ ನಾನು ಒಂದೂವರೆ ವರ್ಷ ಕೂತಿದ್ದೆ. ಅವನ ಕೈಗೆ ಹಂಚು ತಾಗುತ್ತಲೇ ಇರಲಿಲ್ಲ.

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಷೈರಿನಲ್ಲಿ ಥೇಮ್ಸ್ ನದಿಯ ಒಂದು ತಿರುವಿನಲ್ಲಿ ಕಲ್ಹಂ ಎಂಬ ಹಳ್ಳಿಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ನೌಕಾಪಡೆಯ ವಿಮಾನದಾಣವಿತ್ತು; ಆಮೇಲೆ ಅದೇ ಜಾಗದಲ್ಲಿ ಯುರೋಪಿನ ದೇಶಗಳು ಒಟ್ಟಾಗಿ ಜೆಟ್ ಎಂಬ ಯಂತ್ರ ಕಟ್ಟಿದವು. ಜಾಯಿಂಟ್ ಯುರೋಪಿಯನ್ ಟೋರಸ್ ಎಂಬುದರ ಚಿಕ್ಕ ಹೆಸರು ಅದು, ವಿಮಾನಕ್ಕೂ ಅದಕ್ಕೂ ಸಂಬಂಧವಿಲ್ಲ. ಬೈಜಿಕ ಸಮ್ಮಿಲನವನ್ನು ಭೂಮಿಯ ಮೇಲೆ ಮಾಡಿ ನೋಡುವ ಪ್ರಯೋಗದ ಯಂತ್ರ. 1983ರ ಜೂನ್‌ನಲ್ಲಿ ಅದು ಮೊದಲ ಸಲ ಹೊತ್ತಿತು. ಉದ್ದಿನ ವಡೆಯನ್ನು ನೆನೆಸಿಕೊಳ್ಳಿ. ಆ ವಡೆಯ ಒಳಗು ಟೊಳ್ಳು, ಟೊಳ್ಳಿನ ಎತ್ತರ ನಾಲ್ಕು ಮೀಟರಿಗೂ ಹೆಚ್ಚು, ಹೊರಗಡೆ ತಾಮ್ರದ 32 ದೈತ್ಯ ಸುರುಳಿಗಳು. ಟೊಳ್ಳಿನೊಳಗೆ ಗಾಳಿ ತೆಗೆದು ಒಂದು ಚಿಟಿಕೆಗೂ ಕಡಿಮೆ ಜಲಜನಕದ ಬಂಧುಗಳನ್ನು, ಎಂದರೆ ಡ್ಯುಟೀರಿಯಂ ಮತ್ತು ಟ್ರಿಟಿಯಂಗಳನ್ನು, ಬಿಟ್ಟು 15 ಕೋಟಿ ಡಿಗ್ರಿಗೆ ಕಾಯಿಸುತ್ತಾರೆ. ಸೂರ್ಯನ ನಡುಮಧ್ಯದ ಶಾಖದ ಹತ್ತು ಪಟ್ಟು. ಅಷ್ಟು ಬಿಸಿಯಾದದ್ದಕ್ಕೆ ಪ್ಲಾಸ್ಮಾ ಎಂದು ಹೆಸರು, ಅದನ್ನು ಯಾವ ಪಾತ್ರೆಯೂ ಹಿಡಿಯಲಾರದು. ಆಯಸ್ಕಾಂತದ ಬಲದಲ್ಲಿ ಗೋಡೆಗೆ ತಾಗದಂತೆ ತೇಲಿಸಿ ನಿಲ್ಲಿಸುತ್ತಾರೆ. ಆದರೂ ಅಂಚು ಅಲ್ಲಲ್ಲಿ ತಾಗುತ್ತದೆ. ತಾಗುವ ಕಡೆಗಳಲ್ಲೆಲ್ಲ ಗೋಡೆಗೆ ಹಂಚು ಹೊದೆಸಿರುತ್ತಾರೆ. ಅವರ ಭಾಷೆಯಲ್ಲೂ ಅದಕ್ಕೆ ಟೈಲ್ ಎಂದೇ ಹೆಸರು. ನಾನು ಮನೆಗೆ ಫೋನಿನಲ್ಲಿ ‘ಹಂಚು’ ಎಂದೆ. ಅದೇ ಆದ ತಪ್ಪು.

ಊರಿನಲ್ಲಿ ಸುದ್ದಿ ಹಬ್ಬಿತು: ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿ ಇಂಗ್ಲೆಂಡಿಗೆ ಹೋದ ಹುಡುಗ ಅಲ್ಲಿ ಹಂಚು ಹಾಕುವ ಕೆಲಸದಲ್ಲಿದ್ದಾನಂತೆ. ಆಗ ಮನೆಯಲ್ಲಿ ನನಗೆ ಹುಡುಗಿ ನೋಡುತ್ತಿದ್ದರು. ಒಂದು ಸಂಬಂಧ ಈ ಸುದ್ದಿಯಿಂದಲೇ ತಪ್ಪಿತು ಎಂದು ಚಿಕ್ಕಮ್ಮ ಇವತ್ತಿಗೂ ಹೇಳುತ್ತಾರೆ. ನಗುತ್ತಲೇ ಹೇಳುತ್ತಾರೆ, ಆಗ ಯಾರೂ ನಕ್ಕಿರಲಿಲ್ಲ.

ನಾನು ಸೇರಿದ್ದು 2009ರ ಅಕ್ಟೋಬರಿನಲ್ಲಿ. ಯಂತ್ರ ನಿಲ್ಲಿಸಿ ದೊಡ್ಡ ಕೆಲಸಕ್ಕೆ ಕೈ ಹಾಕಿದ ಸಮಯ. ಅದುವರೆಗೆ ಒಳಗೋಡೆಯ ಹಂಚುಗಳು ಇಂಗಾಲದವು. ಇಂಗಾಲ ಒಳ್ಳೆಯ ಹಂಚು, ಎಷ್ಟು ಕಾಯಿಸಿದರೂ ಕರಗುವುದಿಲ್ಲ. ಆದರೆ ಅದಕ್ಕೊಂದು ಕೆಟ್ಟ ಚಾಳಿ. ಸವೆದ ಇಂಗಾಲ ಜಲಜನಕದ ಜೊತೆ ಬೆರೆತು ಬೇರೆಲ್ಲೋ ಹೋಗಿ ಪದರಾಗಿ ಕೂರುತ್ತದೆ. ಆ ಪದರಿನೊಳಗೆ ಟ್ರಿಟಿಯಂ ಸಿಕ್ಕಿಬೀಳುತ್ತದೆ. ಟ್ರಿಟಿಯಂ ವಿಕಿರಣದ ವಸ್ತು, ದುಬಾರಿ, ಹನ್ನೆರಡು ಚಿಲ್ಲರೆ ವರ್ಷಕ್ಕೆ ಅರ್ಧವಾಗುವಂಥದ್ದು. ಗೋಡೆಯೇ ಅದನ್ನು ನುಂಗುತ್ತ ಹೋದರೆ ದೊಡ್ಡ ಯಂತ್ರವನ್ನು ನಡೆಸಲು ಸಾಧ್ಯವಿಲ್ಲ. ಫ್ರಾನ್ಸಿನಲ್ಲಿ ಭಾರತವೂ ಸೇರಿ ಹಲವು ದೇಶಗಳು ಕಟ್ಟುತ್ತಿದ್ದ ಈಟರ್ ಎಂಬ ದೊಡ್ಡ ಯಂತ್ರಕ್ಕೆ ಮುಖ್ಯ ಗೋಡೆ ಬೆರಿಲಿಯಂನದು, ತಳದ ಬೂದಿ ತೆಗೆಯುವ ಭಾಗ ಟಂಗ್‌ಸ್ಟನ್‌ನದು ಎಂದು ಯೋಚನೆಯಾಗಿತ್ತು. ಅಂಥದೇ ಗೋಡೆಯನ್ನು ಮೊದಲು ಜೆಟ್‌ನಲ್ಲಿ ಕೂರಿಸಿ ನೋಡುವುದು ನಮ್ಮ ಕೆಲಸ. ಅದಕ್ಕಿಟ್ಟ ಹೆಸರೇ ‘ಈಟರ್‌ನಂಥ ಗೋಡೆ’. ತಲಾ ಸುಮಾರು 2 ಟನ್ ಬೆರಿಲಿಯಂ ಮತ್ತು ಟಂಗ್‌ಸ್ಟನ್, ಹದಿನೈದು ಸಾವಿರಕ್ಕೂ ಹೆಚ್ಚು ಹಂಚು. ಬೋಲ್ಟು, ಬಿಲ್ಲೆ, ಆಧಾರಪಟ್ಟಿ ಎಲ್ಲ ಸೇರಿಸಿದರೆ ಒಳಹೊರಗೆ ಸಾಗಿದ ಬಿಡಿಭಾಗಗಳು ಎಂಬತ್ತು ಸಾವಿರ ದಾಟಿದವು.

ಒಳಗೆ ಆದಷ್ಟೂ ಮನುಷ್ಯರು ಇಳಿಯುವಂತಿರಲಿಲ್ಲ. ಸಮ್ಮಿಲನದಿಂದ ಹಾರುವ ನ್ಯೂಟ್ರಾನುಗಳು ಲೋಹವನ್ನೇ ವಿಕಿರಣಶೀಲವಾಗಿಸಿರುತ್ತವೆ. ಮೇಲಿಂದ ಬೆರಿಲಿಯಂ ದೂಳು; ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೆ ಅಂಟಿಕೊಳ್ಳುವ ಕಾಯಿಲೆ. ಹಾಗಾಗಿ ಯಂತ್ರದ ಒಂದು ಬದಿಯ ಕಿಂಡಿಯಿಂದ ಹಾವಿನಂತೆ ಗಂಟುಗಂಟಾಗಿ ಬಾಗುವ ಉಕ್ಕಿನ ತೋಳೊಂದು ಒಳಹೋಗುತ್ತಿತ್ತು. ಅದರ ತುದಿಯಲ್ಲಿ ಎರಡು ಕೈಗಳ ಒಂದು ರೋಬಾಟ್, ಹೆಸರು ಮ್ಯಾಸ್ಕಾಟ್, ಇಟಲಿಯ ಹಳೆಯ ವಿನ್ಯಾಸ. ಸರಿ ಎದುರು ಬದಿಯ ಕಿಂಡಿಯಿಂದ ಇನ್ನೊಂದು ತೋಳು ಒಳಹೋಗಿ ಬಡಿಸುವವನು ತಟ್ಟೆ ಹಿಡಿದು ನಿಂತಂತೆ ಸಲಕರಣೆ, ಹಂಚು, ಬೋಲ್ಟುಗಳ ಡ್ರಾಯರುಗಳನ್ನು ಹಿಡಿದುಕೊಂಡಿರುತ್ತಿತ್ತು. ದಪ್ಪ ಕಾಂಕ್ರೀಟು ಗೋಡೆಯಾಚೆ ನಿಯಂತ್ರಣ ಕೋಣೆಯಲ್ಲಿ ಕೂತ ಆಪರೇಟರ್ ತನ್ನ ಮುಂದಿನ ಎರಡು ಹಿಡಿಗಳನ್ನು ಆಡಿಸಿದಂತೆ ಒಳಗಿನ ಕೈಗಳು ಆಡುತ್ತಿದ್ದವು. ಮುಖ್ಯ ವಿಷಯ ಇನ್ನೊಂದಿದೆ. ಒಳಗಿನ ಕೈಗೆ ಏನಾದರೂ ತಾಗಿದರೆ ಆ ತಡೆ, ಆ ಭಾರ ಹೊರಗಿನ ಹಿಡಿಗೂ ಬರುತ್ತಿತ್ತು. ಬೋಲ್ಟು ಬಿಗಿಯಾದರೆ ಬಿಗಿದದ್ದು ಕೈಗೆ ತಿಳಿಯುತ್ತಿತ್ತು.

ನನ್ನ ಕೆಲಸ ಹಿಡಿ ಹಿಡಿಯುವುದಲ್ಲ. ಡ್ರಾಯರು ಜೋಡಿಸುವುದು ಮತ್ತು ಬರೆಯುವುದು. ಯಾವ ಹಂಚು ಯಾವ ಡ್ರಾಯರಿನಲ್ಲಿ, ಯಾವ ಸ್ಪ್ಯಾನರು ಮೊದಲು, ಯಾವ ಬೋಲ್ಟು ಎಷ್ಟು ಬಿಗಿ ಎಂದು ಒಂದೊಂದು ಹೆಜ್ಜೆಯನ್ನೂ ಕಾಗದದ ಮೇಲೆ ಇಳಿಸಬೇಕು. ಅದನ್ನು ಪಕ್ಕದ ಶೆಡ್ಡಿನಲ್ಲಿದ್ದ ಅಣಕು ಕೋಣೆಯಲ್ಲಿ, ಅಂದರೆ ಯಂತ್ರದ ಒಳಗಿನದೇ ಅಳತೆಯ ಒಂದು ಭಾಗದಲ್ಲಿ, ಮಾಡಿ ನೋಡಬೇಕು. ಅಲ್ಲಿ ಸರಿಯಾದರೆ ಮಾತ್ರ ಒಳಗೆ. ಮದುವೆಮನೆಯ ಅಡಿಗೆಯವರ ಸಾಮಾನು ಚೀಟಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ ಎಂದು ನನಗೆ ಅನಿಸುತ್ತಿತ್ತು. ಸಾಸಿವೆ ಮರೆತರೆ ಅಂಗಡಿಗೆ ಓಡುವಂತಿಲ್ಲ, ಅಷ್ಟೇ.

ಮೂರನೆಯ ತಿಂಗಳಲ್ಲಿ ನಾನು ಮರೆತದ್ದು ಸಾಸಿವೆಯಲ್ಲ, ಎಡಬಲ. ‘ಎಡದಿಂದ ಮೂರನೆಯ ಡ್ರಾಯರು’ ಎಂದು ಬರೆದೆ. ನಾನು ಡ್ರಾಯರುಗಳ ಎದುರು ನಿಂತು ಬರೆದದ್ದು. ಒಳಗಿನ ಕ್ಯಾಮೆರಾ ನೋಡುವುದು ಆ ಕಡೆಯಿಂದ. ಅಣಕು ಕೋಣೆಯಲ್ಲಿ ರೋಬಾಟ್ ತಪ್ಪು ಸಲಕರಣೆ ಎತ್ತಿಕೊಂಡು ನಿಂತಿತು. ಅರ್ಧ ಪಾಳಿ ಹೋಯಿತು. ಮುಖ ಕೆಂಪಾಗಿ ಕೂತಿದ್ದ ನನಗೆ ಹಿಡಿಯ ಮುಂದಿದ್ದ ಹಿರಿಯ ಒಂದೇ ಮಾತು ಹೇಳಿದ: ಇನ್ನು ಮೇಲೆ ಬರೆಯುವಾಗ ನನ್ನ ಕುರ್ಚಿಯಲ್ಲಿ ಕೂತು ಬರೆ. ಅವನು ಎದ್ದು ನಿಂತು ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದ.

ಕಣ್ಣು ಮುಚ್ಚುತ್ತಿದ್ದವನು ಅವನೇ. 1998ರಲ್ಲಿ ಜೆಟ್‌ನ ತಳದ ಭಾಗವನ್ನು ಮೊತ್ತಮೊದಲ ಬಾರಿಗೆ ಪೂರ್ತಿ ದೂರದಿಂದಲೇ ಬದಲಾಯಿಸಿದ ತಂಡದಲ್ಲಿದ್ದವನು. ಅದಕ್ಕೂ ಮೊದಲು ಮೋಟಾರ್‌ಸೈಕಲ್ ರಿಪೇರಿ ಮಾಡುತ್ತಿದ್ದನಂತೆ. ಹಿಡಿಗೆ ಕೈ ಹಾಕುವ ಮೊದಲು ಗಡಿಯಾರ ಬಿಚ್ಚಿ ಮೇಜಿನ ಡ್ರಾಯರಿನಲ್ಲಿ ಇಡುವುದು ಅವನ ಪದ್ಧತಿ. ಮಾತು ಕಡಿಮೆ, ಚೀಸಿನ ಸ್ಯಾಂಡ್‌ವಿಚ್ಚು ಬಿಟ್ಟು ಬೇರೆ ತಿಂದದ್ದು ನಾನು ನೋಡಲಿಲ್ಲ. ಎದುರು ಅಷ್ಟೊಂದು ಪರದೆಗಳಿದ್ದರೂ ಬೋಲ್ಟು ತೂತಿಗೆ ತಾಗಿದೊಡನೆ ಅವನ ರೆಪ್ಪೆ ಇಳಿಯುತ್ತಿತ್ತು. ಬೋಲ್ಟನ್ನು ಮೊದಲು ಹಿಂದಕ್ಕೆ, ಬಿಚ್ಚುವ ದಿಕ್ಕಿಗೆ, ತಿರುಗಿಸುತ್ತಿದ್ದ. ಒಂದು ಸುತ್ತಿನೊಳಗೆ ಎಲ್ಲೋ ಒಂದು ಕಡೆ ಗೀರು ಗೀರಿಗೆ ಇಳಿದು ಟಕ್ ಎನ್ನುತ್ತದೆ. ಆ ಟಕ್ ಕೈಗೆ ಬಂದ ಮೇಲೆ ಮಾತ್ರ ಮುಂದಕ್ಕೆ. ಹಾಗೆ ಮಾಡದೆ ಅವಸರದಲ್ಲಿ ತಿರುಗಿಸಿದರೆ ಬೋಲ್ಟು ಓರೆಯಾಗಿ ಹತ್ತುತ್ತದೆ. ಹೊರಗೆ ಅದು ಐದು ನಿಮಿಷದ ಕಿರಿಕಿರಿ, ಒಳಗೆ ಒಂದು ವಾರದ ಸಭೆಗಳು.

ಅಪ್ಪ ಪಂಪ್‌ಸೆಟ್ಟಿನ ಬೋಲ್ಟು ಹಾಕುತ್ತಿದ್ದದ್ದೂ ಹಾಗೆಯೇ. ನಾನು ಅದನ್ನು ಹಳ್ಳಿಯವರ ನಿಧಾನ ಎಂದುಕೊಂಡಿದ್ದೆ. ಕಾಲೇಜಿನ ಯಾವ ಪುಸ್ತಕದಲ್ಲೂ ಅದು ಇರಲಿಲ್ಲ. ಸುಮಾರು ಐದು ಸಾವಿರ ಮೈಲಿ ಆಚೆ, ಮನುಷ್ಯ ಕಟ್ಟಿದ ಅತಿ ಬಿಸಿಯಾದ ಪಾತ್ರೆಗಳಲ್ಲೊಂದರ ಪಕ್ಕ ಕೂತು ಅದನ್ನು ಕಲಿತೆ.

ಆದಿತ್ಯವಾರ ಫೋನು ಮಾಡುತ್ತಿದ್ದೆ. ಅಪ್ಪನಿಗೆ ಎಲ್ಲ ವಿವರ ಬೇಕಿತ್ತು. “ಒಳಗೆ ಜನ ಇಳಿಯದೆ ಹಂಚು ಕೂರುತ್ತದಾ?” ಎಂದು ಕೇಳಿದ್ದರು. ಕೂರುತ್ತದೆ, ಮಿಲಿಮೀಟರಿನ ಲೆಕ್ಕದಲ್ಲಿ ಕೂರುತ್ತದೆ ಎಂದೆ. ಒಂದು ಹಂಚಿನ ಅಂಚು ಪಕ್ಕದ್ದಕ್ಕಿಂತ ಕೂದಲೆಳೆ ಮೇಲೆದ್ದರೂ ಶಾಖವೆಲ್ಲ ಅಲ್ಲಿಗೇ ಬಡಿದು ಕರಗುತ್ತದೆ ಎಂದು ವಿವರಿಸಿದೆ. “ಗಾಳಿಮಳೆಗೂ ಹಾಗೇ, ಎದ್ದು ನಿಂತ ಹಂಚೇ ಮೊದಲು ಹಾರುವುದು” ಎಂದರು. ಆಮೇಲೆ ನಾನು ದೊಡ್ಡ ಮಾತು ಶುರುಮಾಡುತ್ತಿದ್ದೆ. ಇನ್ನು ಇಪ್ಪತ್ತು ವರ್ಷ ಅಪ್ಪ, ಸಮುದ್ರದ ನೀರಿನಿಂದ ಕರೆಂಟು. ಕಲ್ಲಿದ್ದಲು ಬೇಡ, ಹೊಗೆ ಇಲ್ಲ. ನಾನು ಬಾಡಿಗೆಗಿದ್ದ ಡಿಡ್ಕಾಟಿನ ಕೋಣೆಯ ಕಿಟಕಿಯಲ್ಲಿ ಕಲ್ಲಿದ್ದಲ ವಿದ್ಯುತ್ ಸ್ಥಾವರದ ಆರು ದೊಡ್ಡ ಕೂಲಿಂಗ್ ಟವರುಗಳು ಬಿಳಿ ಹಬೆ ಬಿಡುತ್ತ ನಿಂತಿದ್ದವು. ಬೆಳಿಗ್ಗೆ ರೈಲಿನಲ್ಲಿ ಅವುಗಳಿಗೆ ಬೆನ್ನು ಹಾಕಿ ಕಲ್ಹಮ್ಮಿಗೆ ಹೋಗುವಾಗ ನಿಮ್ಮ ಕಾಲ ಮುಗಿಯಿತು ಎಂದು ಅವುಗಳಿಗೆ ಮನಸ್ಸಿನಲ್ಲೇ ಹೇಳುತ್ತಿದ್ದೆ. ಅವುಗಳ ಕಾಲ ಮುಗಿದದ್ದು ನಿಜ. 2013ರಲ್ಲಿ ಸ್ಥಾವರ ನಿಂತಿತು. ಮರುವರ್ಷ ಮೂರು, 2019ರಲ್ಲಿ ಉಳಿದ ಮೂರು ಟವರುಗಳನ್ನು ಸಿಡಿಮದ್ದು ಇಟ್ಟು ಉರುಳಿಸಿದರು. ಅದಕ್ಕೂ ನಮ್ಮ ಹಂಚಿಗೂ ಏನೂ ಸಂಬಂಧವಿರಲಿಲ್ಲ.

2010ರ ಏಪ್ರಿಲ್ ಹದಿನಾರು ಶುಕ್ರವಾರ. ಪಾಳಿ ಮುಗಿಸಿ ಫೋನು ನೋಡಿದರೆ ಮನೆಯಿಂದ ಹನ್ನೊಂದು ಕರೆ. ಅಪ್ಪ ಮಾಡಿನಿಂದ ಬಿದ್ದಿದ್ದರು. ಕೈಯಾಡಿಸಲು ಬಂದವರು ಬೇರೆ ಕಡೆ ಹೆಚ್ಚು ಸಂಬಳ ಸಿಕ್ಕಿತೆಂದು ಅರ್ಧಕ್ಕೆ ಬಿಟ್ಟು ಹೋದರಂತೆ. ಮಳೆ ಬಂದರೆ ಎಂದು ಅಪ್ಪ ತಾವೇ ಹತ್ತಿದ್ದರು. ತೊಡೆಯ ಮೂಳೆ ಮುರಿದಿತ್ತು. ಮಂಗಳೂರಿಗೆ ಕರೆದೊಯ್ದಿದ್ದರು.

ಆ ವಾರವೇ ಐಸ್‌ಲ್ಯಾಂಡಿನ ಜ್ವಾಲಾಮುಖಿ ಬೂದಿ ಉಗುಳಿ ಬ್ರಿಟನ್ನಿನಲ್ಲಿ ವಿಮಾನ ಸಂಚಾರ ಬಹುತೇಕ ನಿಂತಿದ್ದು. ಬರಿಗಣ್ಣಿಗೆ ಆಕಾಶ ಸ್ವಚ್ಛ ನೀಲಿ, ಬೂದಿಯ ಸುಳಿವೇ ಇಲ್ಲ. ಒಂದು ಕಡೆ ನಾಲ್ಕು ಗೋಡೆಯಾಚೆಯ ಹಂಚನ್ನು ಕೂತಲ್ಲಿಂದಲೇ ಕೂರಿಸುವ ಜನ ನಾವು. ನನಗೆ ನನ್ನ ಅಪ್ಪನ ಹಾಸಿಗೆಯ ಬಳಿ ಹೋಗಲು ದಾರಿಯಿರಲಿಲ್ಲ. ಸೋಮವಾರ ಕೆಲಸಕ್ಕೆ ಹೋದೆ, ಮನೆಯಲ್ಲಿ ಕೂತು ಮಾಡುವುದೇನು. ಹಿರಿಯ ವಿಷಯ ಕೇಳಿದ. ಸಮಾಧಾನದ ಮಾತು ಆಡಲಿಲ್ಲ. ಮಧ್ಯಾಹ್ನ ಅಣಕು ಕೋಣೆಯಲ್ಲಿ ಯಾರೂ ಇಲ್ಲದಾಗ ಹಿಡಿಗಳನ್ನು ನನಗೆ ಬಿಟ್ಟುಕೊಟ್ಟ. ಒಂದು ಹಂಚು, ಎರಡು ಬೋಲ್ಟು. ಹಿಂದಕ್ಕೆ ತಿರುಗಿಸು, ಹಿಂದಕ್ಕೆ, ಎಂದ. ಪರದೆಯ ಮೇಲೆ ಲೋಹದ ಕೈ ನಡುಗುತ್ತಿತ್ತು. ಅದು ಯಂತ್ರದ ದೋಷ ಎಂದುಕೊಂಡೆ. ನನ್ನ ಕೈ ನಡುಗುತ್ತಿದ್ದದ್ದನ್ನು ಅದು ಹಾಗೇ ಒಪ್ಪಿಸುತ್ತಿತ್ತು. ಟಕ್ ಎಂದದ್ದು ಅಂಗೈಗೆ ಬಂದಾಗ ನಾನು ಅತ್ತೆ. ಅವನು ಗಡಿಯಾರ ಕಟ್ಟಿಕೊಂಡು ಚಹಾ ತರಲು ಹೋದ.

ಊರು ಮುಟ್ಟಿದ್ದು ಇಪ್ಪತ್ತನಾಲ್ಕಕ್ಕೆ. ಅಷ್ಟರಲ್ಲಿ ಮೂಳೆಗೆ ರಾಡು ಹಾಕಿ ಆಗಿತ್ತು. “ನಿನ್ನ ಆ ಯಂತ್ರ ಒಂದು ಇಲ್ಲಿಗೂ ಕಳಿಸು ಮಾರಾಯ” ಎಂದು ಅಪ್ಪ ನಕ್ಕರು. ಅಲ್ಲಿದ್ದ ಸಂಬಂಧಿಕರೂ ನಕ್ಕರು. ನಾನು ನಗುವ ಬದಲು ಭಾಷಣ ಮಾಡಿದೆ: ಅಪಾಯದ ಕೆಲಸಗಳನ್ನೆಲ್ಲ ಯಂತ್ರಕ್ಕೆ ಬಿಡುವ ಕಾಲ ಬರುತ್ತದೆ, ಈ ಹಂಚನ್ನೆಲ್ಲ ತೆಗೆಸಿ ಆರ್‌ಸಿಸಿ ಮಾಡಿಸೋಣ, ದುಡ್ಡು ನಾನು ಕಳಿಸುತ್ತೇನೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅಪ್ಪನಿಗೆ ಬೇಕಿದ್ದದ್ದು ಏಣಿ ಹಿಡಿದು ನಿಲ್ಲುವ ಒಬ್ಬ ಮನುಷ್ಯ. ಆಮೇಲೆ ಅವರು ಒಂಬತ್ತು ವರ್ಷ ಬದುಕಿದರು, ಸ್ವಲ್ಪ ಕುಂಟುತ್ತ. ಮಾಡು ಹತ್ತಲಿಲ್ಲ. ನಾನು ಆರ್‌ಸಿಸಿ ಮಾಡಿಸಲೂ ಇಲ್ಲ.

ಆ ಸಲ ಕಲ್ಹಮ್ಮಿಗೆ ಹಿಂದಿರುಗಿದ ಮೇಲೆ ಕೆಲಸ ಇನ್ನೂ ಬಿರುಸಾಗಿತ್ತು. ದಿನಕ್ಕೆ ಎರಡು ಪಾಳಿ. ಆ ಡಿಸೆಂಬರಿನ ಚಳಿ ಇಂಗ್ಲೆಂಡಿನವರೇ ಮೂಗು ಮುರಿಯುವಂಥದ್ದು. ಹಿಮ ಬಿದ್ದು ರೈಲು ನಿಂತಾಗ ಒಂದಿಬ್ಬರು ಸ್ಥಳದಲ್ಲೇ ರಾತ್ರಿ ಕಳೆದೆವು. ಬೆರಿಲಿಯಂ ಹಂಚಿನ ಮೈಯನ್ನು ಚಾಕಲೇಟಿನ ಹಾಗೆ ಚಿಕ್ಕ ಚಿಕ್ಕ ಚೌಕಗಳಾಗಿ ಸೀಳಿರುತ್ತಾರೆ, ಕಾದು ಹಿಗ್ಗುವಾಗ ಬಿರಿಯದಿರಲಿ ಎಂದು. ಹೊಸ ಹಂಚುಗಳ ಸಾಲು ಪರದೆಯ ಮೇಲೆ ಬೆಳೆಯುತ್ತ ಹೋಗುವುದನ್ನು ನೋಡುವುದೇ ಒಂದು ಸುಖ. ಕಪ್ಪಾಗಿದ್ದ ಗುಹೆ ತಿಂಗಳು ತಿಂಗಳಿಗೆ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತಿತ್ತು. ಎಂಜಿನಿಯರಾಗಿ ನಾನು ಕಂಡ ಅತ್ಯಂತ ಸುಂದರ ವಸ್ತು ಅದು, ಈ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಅದನ್ನು ನಾನು ಕಣ್ಣಾರೆ ಒಮ್ಮೆಯೂ ನೋಡಿಲ್ಲ, ಎಲ್ಲ ಪರದೆಯ ಮೇಲೆಯೇ.

ಕೆಲಸ ಮುಗಿದದ್ದು 2011ರ ಮೇ ತಿಂಗಳಲ್ಲಿ. ನಾನು ಮಾರ್ಚಿನಲ್ಲೇ ಹೊರಬಿದ್ದೆ. ನನ್ನನ್ನು ಅಲ್ಲಿಗೆ ಕಳಿಸಿದ್ದು ಜನ ಪೂರೈಸುವ ಒಂದು ಗುತ್ತಿಗೆ ಕಂಪನಿ. ಹೆಸರು ಬೇಡ, ಈಗ ಅದು ಇದೆಯೋ ಇಲ್ಲವೋ. ಗಂಟೆಯ ಲೆಕ್ಕದ ಸಂಬಳ. ಒಂದು ಶುಕ್ರವಾರ ಪತ್ರ ಬಂತು, ಇನ್ನು ಎರಡು ವಾರ ಎಂದು. ಸೂರ್ಯನನ್ನು ಭೂಮಿಗೆ ಇಳಿಸುವವರಲ್ಲಿ ನಾನೂ ಒಬ್ಬ ಎಂದು ಊರೆಲ್ಲ ಹೇಳಿಕೊಂಡವನು ಬಾಡಿಗೆ ಕೋಣೆಯ ಮುಂಗಡ ಹಿಂದೆ ಪಡೆಯಲು ಮನೆಯೊಡತಿಯ ಜೊತೆ ಜಗಳವಾಡಿ ವಿಮಾನ ಹತ್ತಿದೆ. ಆಗಸ್ಟ್ 24ರಂದು ಹೊಸ ಗೋಡೆಯೊಳಗೆ ಮೊದಲ ಪ್ಲಾಸ್ಮಾ ಹೊತ್ತಿದ ಸುದ್ದಿಯನ್ನು ಬೆಂಗಳೂರಿನ ಪೀಣ್ಯದಲ್ಲಿ, ವಾಲ್ವು ಮಾಡುವ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಓದಿದೆ. ಎದುರು ಕೂತವನಿಗೆ ಹೇಳೋಣ ಅನಿಸಿತು. ಅವನು ಚಿತ್ರಾನ್ನದಲ್ಲಿ ಕಡಲೆಬೀಜ ಹುಡುಕುತ್ತಿದ್ದ.

ಆ ಕಹಿ ಎಷ್ಟೋ ವರ್ಷ ಉಳಿಯಿತು. ಈಗ ಲೆಕ್ಕ ಹಾಕಿದರೆ ನನ್ನ ಸಿಟ್ಟಿನ ಅರ್ಧ ಆ ಕಂಪನಿಯ ಮೇಲಿನದಲ್ಲ. ನಾನು ಒಂದು ಬುನಾದಿ ಹಾಕಿದೆ ಎಂದುಕೊಂಡಿದ್ದೆ. ಬುನಾದಿ ಹಾಕಿದವನ ಹೆಸರು ಕಲ್ಲಿನಲ್ಲಿ ಇರಬೇಕು ಎಂಬ ಆಸೆ. ಅಲ್ಲಿ ನಡೆದದ್ದು ಬುನಾದಿಯ ಕೆಲಸವೇ ಅಲ್ಲ, ಮಾಡಿಗೆ ಕೈಯಾಡಿಸುವ ಕೆಲಸ.

ಗೋಡೆಯ ಕಥೆಯನ್ನೂ ಪೂರ್ತಿ ಹೇಳಿಬಿಡುತ್ತೇನೆ. ನಮ್ಮ ಲೋಹದ ಗೋಡೆ ಅಂದುಕೊಂಡ ಕೆಲಸ ಮಾಡಿತು: ಇಂಧನ ಗೋಡೆಗೆ ಅಂಟುವುದು ಹತ್ತು ಪಟ್ಟಿಗೂ ಹೆಚ್ಚು ಇಳಿಯಿತು. ಅದರ ಜೊತೆಗೆ ಯಾರಿಗೂ ಬೇಡವಾದದ್ದೂ ಆಯಿತು. ಇಂಗಾಲದ ಗೋಡೆಯೊಳಗೆ ಸಲೀಸಾಗಿ ನಿಲ್ಲುತ್ತಿದ್ದ ಪ್ಲಾಸ್ಮಾ ಲೋಹದ ಗೋಡೆಯೊಳಗೆ ಮೊದಮೊದಲು ಮೊಂಡಾಟ ಮಾಡಿತು, ಶಾಖ ಹಿಡಿದಿಡಲಿಲ್ಲ. ಅದನ್ನು ಪಳಗಿಸಲು ವರ್ಷಗಳೇ ಹಿಡಿದವು. ಬೆರಿಲಿಯಂ 1287 ಡಿಗ್ರಿಗೇ ಕರಗುತ್ತದೆ, ಅಲ್ಲಲ್ಲಿ ಕರಗಿಯೂ ಕರಗಿತು. 2013ರಲ್ಲಿ ಟಂಗ್‌ಸ್ಟನ್ನಿನ ಒಂದು ಅಂಚನ್ನು ಬೇಕೆಂದೇ ಮೇಲೆತ್ತಿ ನಿಲ್ಲಿಸಿ ಕರಗಿಸಿ ನೋಡಿದರು. ಅಪ್ಪನ ಮಾತು ನೆನಪಾಯಿತು. ಆ ಗೋಡೆಯೊಳಗೆಯೇ 2021ರ ಕೊನೆಗೆ ಐದು ಸೆಕೆಂಡಿನಲ್ಲಿ 59 ಮೆಗಾಜೌಲ್, 2023ರ ಅಕ್ಟೋಬರ್ 3ರಂದು 69 ಮೆಗಾಜೌಲ್ ಶಕ್ತಿ ಹುಟ್ಟಿತು. ಇಂಧನ ಖರ್ಚಾದದ್ದು 0.2 ಮಿಲಿಗ್ರಾಂ. ಜಗತ್ತಿನ ದಾಖಲೆ ಎಂದು ಎಲ್ಲ ಕಡೆ ಬಂತು. ನಾನು ಮೆಸ್ಕಾಂ ಬಿಲ್ಲಿನ ಹಿಂಬದಿಯಲ್ಲಿ ಗುಣಿಸಿ ನೋಡಿದೆ: 69 ಮೆಗಾಜೌಲ್ ಎಂದರೆ ಸುಮಾರು 19 ಯೂನಿಟ್ಟು. ಅದೂ ಬರೀ ಶಾಖ, ಕರೆಂಟಾಗಲು ಇನ್ನೂ ದೂರವಿದೆ. ಅಷ್ಟು ಪಡೆಯಲು ಒಳಗೆ ಹಾಕಿದ್ದು ಅದಕ್ಕಿಂತ ಹೆಚ್ಚು. ಅಮ್ಮನ ಮನೆಯಲ್ಲಿ 19 ಯೂನಿಟ್ಟು ಹತ್ತು ದಿನಕ್ಕೆ ಸಾಕು, ಗೃಹಜ್ಯೋತಿಯಲ್ಲಿ ಪುಕ್ಕಟೆ.

ತಮಾಷೆಗೆ ಹೇಳಿದೆ, ಆದರೆ ಪೂರ್ತಿ ತಮಾಷೆಯಲ್ಲ. ಇಪ್ಪತ್ತು ವರ್ಷ ಎಂದು ನಾನು ಅಪ್ಪನಿಗೆ ಹೇಳಿದ್ದರಲ್ಲಿ ಹದಿನೈದು ಮುಗಿದಿವೆ. ಹಾಗೆ ಹೇಳಬಾರದಿತ್ತು. ಅಲ್ಲಿ ನನ್ನ ಜೊತೆಗಿದ್ದ ಯಾರೂ, ಆ ಹಿರಿಯನಂತೂ, ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅವರಿಗೆ ಇವತ್ತಿನ ಬೋಲ್ಟು ಇವತ್ತು ಕೂತರೆ ಸಾಕಿತ್ತು. ದೊಡ್ಡ ಮಾತೆಲ್ಲ ನನ್ನದು, ಅದೂ ಹೆಚ್ಚಾಗಿ ಐಎಸ್‌ಡಿ ಕರೆಗಳಲ್ಲಿ.

2023ರಲ್ಲಿ ಈಟರ್‌ನವರು ತಮ್ಮ ಯೋಜನೆ ಬದಲಿಸಿದರು. ಮುಖ್ಯ ಗೋಡೆಗೆ ಬೆರಿಲಿಯಂ ಬೇಡ, ಅಲ್ಲಿಗೂ ಟಂಗ್‌ಸ್ಟನ್ನೇ ಇರಲಿ ಎಂದು. ಬೆರಿಲಿಯಂನ ವಿಷವೂ ಅದು ಬೇಗ ಸವೆಯುವುದೂ ಕಾರಣಗಳಲ್ಲಿ ಸೇರಿದ್ದವು. ಯಾವ ಯಂತ್ರಕ್ಕೆ ತಾಲೀಮು ಎಂದು ನಾವು ಎರಡು ಟನ್ ಬೆರಿಲಿಯಂ ಕೂರಿಸಿದ್ದೆವೋ ಆ ಯಂತ್ರಕ್ಕೆ ಅದು ಬರುವುದೇ ಇಲ್ಲ. ಓದಿದ ದಿನ ಪೆಟ್ಟು ತಿಂದಂತಾಗಿತ್ತು. ಹಂಚು ಕೂರಿಸಿ ನೋಡದೆ ಬೇಡ ಎನ್ನಲೂ ಬರುವುದಿಲ್ಲ ಎಂಬ ಸಮಾಧಾನ ನನಗೆ ಗೊತ್ತು. ಬೇರೆಯವರಿಗೆ ನಾನೇ ಹೇಳಿದ್ದೇನೆ. ರಾತ್ರಿ ಮಲಗಿದಾಗ ಅದು ಅಷ್ಟಾಗಿ ಕೆಲಸ ಮಾಡುವುದಿಲ್ಲ.

ಅದೇ ವರ್ಷ ಡಿಸೆಂಬರ್ 18ರಂದು ಜೆಟ್ ಕೊನೆಯ ಸಲ ಹೊತ್ತಿ ಆರಿತು. ಮೊದಲಿನಿಂದ ಎಣಿಸಿಕೊಂಡು ಬಂದ ಲೆಕ್ಕದಲ್ಲಿ ಅದು 1,05,842ನೆಯ ಸಲ. ಇನ್ನು ಅದನ್ನು ಬಿಚ್ಚುವ ಕೆಲಸ, 2040ರ ಸುಮಾರಿಗೆ ಮುಗಿಯಬಹುದಂತೆ. ಕೂರಿಸಿದ ಹಾಗೆಯೇ ದೂರದ ಕೈಗಳಿಂದ ಮಾದರಿಗಾಗಿ ಕೆಲವು ಹಂಚುಗಳನ್ನು ಈಗಾಗಲೇ ಬಿಚ್ಚಿ ತೆಗೆದಿದ್ದಾರೆ. ಎಷ್ಟು ಸವೆದಿದೆ, ಒಳಗೆ ಎಷ್ಟು ಟ್ರಿಟಿಯಂ ಕೂತಿದೆ ಎಂದು ಕೊಯ್ದು ನೋಡಲು. ಬೋಲ್ಟುಗಳು ಹಟ ಮಾಡದೆ ಬಿಚ್ಚಿಕೊಂಡಿರಲಿ ಎಂದು ನನ್ನ ಆಸೆ. ಓರೆಯಾಗಿ ಹತ್ತಿದ ಬೋಲ್ಟು ಬಿಚ್ಚುವಾಗಲೇ ಗೊತ್ತಾಗುವುದು.

ಊರಿನ ಮಾಡು ಮುಗಿಯಲು ಆರು ದಿನ ಹಿಡಿಯಿತು. ಕೊನೆಯ ದಿನ ನಾನೂ ಹತ್ತುತ್ತೇನೆ ಎಂದೆ. “ಬೇಡ ಮಾರಾಯ್ರೆ, ನೀವು ಏಣಿ ಹಿಡಿದರೆ ಸಾಕು” ಎಂದರು. ಹಿಡಿದು ನಿಂತೆ. ಹೊಸ ಹಂಚುಗಳನ್ನೆಲ್ಲ ಅವರು ದನದ ಹಟ್ಟಿಯ ಕಡೆಗೆ ಹಾಕಿ, ಅಲ್ಲಿನ ಹಳೆಯವನ್ನು ಮನೆಯ ಮೇಲೆ ತಂದಿದ್ದರು. ಹಳೆಯದಕ್ಕೆ ಹಳೆಯದೇ ಕೂರುತ್ತದೆ. ಸಂಬಳ ಎಣಿಸಿಕೊಡುವಾಗ ಅವರ ಅಂಗೈ ನೋಡಿದೆ: ಹಂಚಿನ ಕೆಂಪು ಗೆರೆಗೆರೆಗಳಲ್ಲಿ ಕೂತಿತ್ತು. ಇನ್ನು ಮೂರು ವರ್ಷ ನೋಡುವುದು ಬೇಡ ಎಂದು ಹೇಳಿ ಹೋದರು.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಅಡುಗೆಮನೆಯ ಮೂಲೆಯಲ್ಲಿ ಒಂದು ಕಡೆ ಸೋರುತ್ತಿದೆಯಂತೆ. ಅಮ್ಮ ಬಾಲ್ದಿ ಇಟ್ಟಿದ್ದಾಳೆ.